ಎಂಟಕ್ಕೆ ಬಾಯಿಗೂಡಿತು

ಜುಲೈ ೨, ಮಂಗಳವಾರ

ಐದನೆಯ ಬೆರಳು ಕೊಟ್ಟುಬಿಟ್ಟಿದ್ದಾರೆ! ನನ್ನನ್ನು ಒಂದು ಮಾತು ಕೇಳದೆ, ಎರಡು ದಿನ ರಜೆಯಿದ್ದದ್ದೇ ಸಾಕೆಂದು, ತೊರ್ವ ಜನರ ಎರಡೂ ಕೈಗೆ ಒಂದೊಂದು ಬೆರಳು ಅಂಟಿಸಿ ಕೂತಿದ್ದಾರೆ. ಬೆಳಿಗ್ಗೆ ಆಫೀಸಿಗೆ ಹೋಗಿ ಕಂಪ್ಯೂಟರ್ ತೆರೆದರೆ ನನ್ನ ತೊರ್ವ ಮುದುಕಿ ಐದೂ ಬೆರಳು ಅಗಲಿಸಿ ಟಾಟಾ ಮಾಡುತ್ತಿದ್ದಾಳೆ.

ಈ ಜನರನ್ನು ಹುಟ್ಟಿಸಿದವಳು ನಾನಲ್ಲ, ಒಪ್ಪಿದೆ. ಉಪ್ಪಿನ ಜೌಗಿನಲ್ಲಿ ಬಾಳುವ ತೊರ್ವರು, ಅವರ ದೋಣಿ, ಅವರ ದೇವರು ಎಲ್ಲ ಈ ವಿಡಿಯೋ ಗೇಮ್ ಕಂಪನಿಯವರ ಕಲ್ಪನೆ. ಅವರ ಭಾಷೆಯನ್ನು ಯಾವುದೋ ದೇಶದ ಮಹಾಶಯರೊಬ್ಬರು ಕಟ್ಟಿಕೊಟ್ಟು, ಲೆಕ್ಕ ನನಗೆ ಒಗ್ಗುವುದಿಲ್ಲ ಎಂದು ಸಂಖ್ಯೆಗಳನ್ನು ಮಾತ್ರ ಬಿಟ್ಟುಹೋದರು. ಆ ತೂತು ಮುಚ್ಚಲು ನನ್ನನ್ನು ಒಂಬತ್ತು ತಿಂಗಳ ಕರಾರಿನ ಮೇಲೆ ಕರೆದರು. ಕೈಗೆ ನಾಲ್ಕು ಬೆರಳು, ಎರಡು ಕೈಗೆ ಎಂಟು. ಹಾಗಾಗಿ ನನ್ನ ತೊರ್ವರು ಎಂಟೆಂಟರ ಕಟ್ಟಿನಲ್ಲಿ ಎಣಿಸುತ್ತಾರೆ. ನಮಗೆ ನೂರು ಹೇಗೋ ಅವರಿಗೆ ಅರವತ್ತನಾಲ್ಕು ಹಾಗೆ. ಹುಟ್ಟಿದ ಮಗುವಿಗೆ ಹೆಸರಿಡುವುದು ಎಂಟನೆಯ ದಿನ, ಸತ್ತವರ ಬಾಯಿಗೆ ಎಂಟು ಹರಳು ಉಪ್ಪು. ಏಳು ತಿಂಗಳ ಕೆಲಸ ಇದು, ಕಡಲೆಕಾಯಿ ಸುಲಿದದ್ದಲ್ಲ.

ಪ್ರಸೂನ್ ಹತ್ತಿರ ಹೋದೆ. ನನಗಿಂತ ಐದು ವರ್ಷ ಚಿಕ್ಕವನು, ನನ್ನ ಮೇಲಧಿಕಾರಿ.

"ಇತ್ತಾ," ಎಂದ. ಅಕ್ಕ ಎಂದು ಕರೆದುಬಿಟ್ಟರೆ ಏನು ಮಾಡಿದರೂ ನಡೆಯುತ್ತದೆ ಎಂದುಕೊಂಡಿದ್ದಾನೆ. "ನಾಲ್ಕು ಬೆರಳು ಇದ್ರೆ ಮಕ್ಕಳ ಕಾರ್ಟೂನ್ ಥರ ಕಾಣುತ್ತೆ ಅಂತ ದುಡ್ಡು ಹಾಕಿರೋರು ಅಂದ್ರು. ಅದಕ್ಕೇನೀಗ? ಎಂಟು ಇರೋ ಕಡೆ ಹತ್ತು ಹಾಕಿ. ಮುಗೀತು."

ಮುಗೀತಂತೆ! ಮನೆಯ ಕಂಬ ಕಿತ್ತು, ಸೂರು ಹಾಗೇ ಇರಲಿ ಬಿಡಿ ಎನ್ನುವ ಜಾತಿ.

ಆಟ ಬಿಡುಗಡೆಯಾದಾಗ 'ಸಂಖ್ಯೆಗಳು: ರೈಹಾನ ಸೈದಾಲಿ' ಎಂದು ಒಂದು ಸಾಲು ಬರುವುದೆಂದು ಮಾತಾಗಿದೆ. ಆ ಸಾಲು ತೋರಿಸಿದರೆ ಮುಂದೆ ಇಂಥದೇ ಕೆಲಸ ಸಿಕ್ಕೀತು. ಇಲ್ಲದಿದ್ದರೆ ಮತ್ತೆ ಟ್ಯುಟೋರಿಯಲ್ ಕಾಲೇಜಿಗೆ ಹೋಗಿ, ಗಂಟೆಗಿಷ್ಟು ಎಂದು ಗಂಟಲು ಹರಿದುಕೊಳ್ಳಬೇಕು. ಮೂವತ್ತಾರು ವಯಸ್ಸಿಗೆ ನನ್ನ ಹತ್ತಿರ ಇರುವುದು ಆ ಒಂದು ಸಾಲಿನ ಆಸೆ.

ಇದರ ನಡುವೆ ಸಂಜೆ ಒಟ್ಟಪಾಲದಿಂದ ಉಪ್ಪಾ ಬಂದಿಳಿದರು. ನಾಡಿದ್ದು ಕಣ್ಣಿನ ಪೊರೆ ತೆಗೆಸಬೇಕು. ಹೆಗಲಿಗೆ ಅದೇ ಟವೆಲ್, ಕಂಕುಳಲ್ಲಿ ಅದೇ ಕೊಡೆ. ಲಿಫ್ಟಿನಲ್ಲಿ ಮೂರನೇ ಮಹಡಿಯ ವಕೀಲರು "ಅಪ್ಪನಾ? ಏನ್ ಮಾಡ್ಕೊಂಡಿದಾರೆ?" ಎಂದರು. ಬಿಸಿನೆಸ್ಸು ಎಂದೆ. ಸುಳ್ಳೇನಲ್ಲವಲ್ಲ.

ಜುಲೈ ೪

ಆಪರೇಷನ್ ಆಯಿತು. ಬಲಗಣ್ಣಿಗೆ ಪ್ಲಾಸ್ಟಿಕ್ ಬಟ್ಟಲು ಮುಚ್ಚಿದ್ದಾರೆ. ಎಡಗಣ್ಣು ಅದಕ್ಕೂ ಕಡೆ, ಅದಕ್ಕೆ ಮುಂದಿನ ತಿಂಗಳು.

ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಹಿಡಿದ ನರ್ಸ್ ಉಪ್ಪಾನ ಬಲಗೈಯಲ್ಲಿ ನಡುಬೆರಳು ಹುಡುಕಿದಳು. ಅಲ್ಲಿ ನಡುಬೆರಳೂ ಇಲ್ಲ, ಉಂಗುರಬೆರಳೂ ಇಲ್ಲ.

"ಸಿಗಲ್ಲ ಮೋಳೇ," ಎಂದರು ಉಪ್ಪಾ, ಅವಳೂ ತಮ್ಮ ಮಗಳೇ ಎಂಬಂತೆ. "ಅವೆರಡೂ ನಲವತ್ತೈದು ವರ್ಷದ ಹಿಂದೆ ಒಂದು ಹೋರಿ ಜೊತೆ ಪೊಳ್ಳಾಚಿಗೆ ಹೋದ್ವು. ಹಗ್ಗ ಕೈಗೆ ಸುತ್ಕೊಂಡಿದ್ದೆ. ಹೋರಿ ಹೋಯ್ತು, ಹಗ್ಗ ಹೋಯ್ತು, ಬೆರಳೂ ಹೋಯ್ತು. ಕೈ ಮಾತ್ರ ವಾಪಸ್ ಬಂತು."

ಇಡೀ ವಾರ್ಡು ನಕ್ಕಿತು. ನಾನು ಔಷಧಿ ಚೀಟಿ ಓದುತ್ತ ನಿಂತಿದ್ದೆ.

ಜುಲೈ ೮

ಹತ್ತರ ಲೆಕ್ಕ ಕಟ್ಟಿ ನೋಡಿದೆ. ವಾಂತಿ ಬರುತ್ತದೆ. ಹತ್ತು, ನೂರು, ಸಾವಿರ. ನಮ್ಮ ಲೆಕ್ಕಕ್ಕೇ ವಿಗ್ ಹಾಕಿ ಕೂರಿಸಿದ ಹಾಗಿದೆ. ಒಂದು ಜನಾಂಗ ಹೇಗೆ ಎಣಿಸುತ್ತದೆ ಎಂದರೆ ಅದು ಏನು ಹಿಡಿದುಕೊಂಡು ಬದುಕಿತು, ಯಾವುದಕ್ಕೆ ಹೆದರಿತು ಎಂಬುದೆಲ್ಲ ಅದರಲ್ಲಿರಬೇಕು. ಪ್ರಸೂನನಿಗೆ ಇದನ್ನು ಹೇಳಿದರೆ, "ಆಟ ಆಡೋ ಹುಡುಗ್ರು ಎಣಿಸ್ತಾ ಕೂರಲ್ಲ ಇತ್ತಾ, ಬಾಣ ಬಿಡ್ತಾರೆ. ಒಂದರಿಂದ ಹತ್ತು ಕೊಡಿ ಸಾಕು. ಇಪ್ಪತ್ತೊಂದನೇ ತಾರೀಕಿನೊಳಗೆ."

ಮನೆಗೆ ಬಂದರೆ ಉಪ್ಪಾನ ಪ್ರಶ್ನೆ. ಫೋನ್ ನೋಡುವಂತಿಲ್ಲ, ಟಿವಿ ನೋಡುವಂತಿಲ್ಲ, ಹೊತ್ತು ಹೋಗುವುದಿಲ್ಲ ಪಾಪ.

"ದಿನಾ ಹೋಗಿ ಏನ್ ಮಾಡ್ತೀಯೆ ಅಲ್ಲಿ?"

"ಸಂಖ್ಯೆ ಮಾಡ್ತೀನಿ ಉಪ್ಪಾ."

"ಯಾಕೆ, ಇದ್ದಿದ್ದು ಖರ್ಚಾಗೋಯ್ತಾ?"

ಬಾಗಿಲು ಹಾಕಿಕೊಂಡು ಕೂತೆ.

ಜುಲೈ ೧೧, ಗುರುವಾರ

ಗುರುವಾರ ಎಂದರೆ ಊರಲ್ಲಿ ದನದ ಸಂತೆ. ಉಪ್ಪಾ ಬೆಳಿಗ್ಗೆ ಐದಕ್ಕೇ ಎದ್ದು ಮುಖ ಗಂಟಿಕ್ಕಿಕೊಂಡು ಬಾಲ್ಕನಿಯಲ್ಲಿ ಕೂತಿದ್ದರು. ಕಳೆದ ತಿಂಗಳು ಕಣ್ಣು ಮಂಜಾಗಿ ಆರು ಹಲ್ಲಿನ ಎತ್ತನ್ನು ನಾಲ್ಕು ಹಲ್ಲಿನದು ಎಂದುಬಿಟ್ಟರಂತೆ. ಹಲ್ಲು ನೋಡಿ ಪ್ರಾಯ ಹೇಳುವವನು ಹಲ್ಲೆಣಿಸುವುದರಲ್ಲಿ ತಪ್ಪಿದರೆ ಸಂತೆಯಲ್ಲಿ ಯಾರು ಬಿಡುತ್ತಾರೆ? ಸಿಕ್ಕಸಿಕ್ಕವರೆಲ್ಲ ಆಡಿಕೊಂಡಿದ್ದಾರೆ. ಅದಕ್ಕೇ ಈ ಆಪರೇಷನ್ನು. ನಾಲ್ಕು ವರ್ಷದಿಂದ ನಾನು ಬಡಕೊಂಡದ್ದಕ್ಕಲ್ಲ.

ಮಧ್ಯಾಹ್ನ ಮತ್ತಿ ಮೀನಿನ ಸಾರು ಬಡಿಸಿ ಕೇಳಿದೆ, ಸುಮ್ಮನೆ ಮಾತಿಗೆ: ಟವೆಲಿನ ಕೆಳಗೆ ಕೈಯಲ್ಲೇ ದರ ಹೇಳುತ್ತೀರಲ್ಲ, ಇರುವ ಮೂರು ಬೆರಳಲ್ಲಿ ಹೇಗೆ ಹೇಳುತ್ತೀರಿ?

ಎಂಜಲು ಕೈ ತೊಳೆದು ಬಂದು ಎದುರು ಕೂತರು. ನನ್ನ ಎರಡೂ ಕೈ ಎಳೆದುಕೊಂಡು ಟವೆಲ್ ಹೊದೆಸಿದರು.

"ಬೆರಳು ಹೋದಾಗ ಎಲ್ಲರೂ ಅಂದ್ರು, ಸೈದಾಲಿ ಕಥೆ ಮುಗೀತು, ಇನ್ನು ಸಗಣಿ ಬಾಚೋಕೆ ಹೋಗ್ಲಿ ಅಂತ. ಬಲಗೈಲಿ ಮೂರೇ ಉಳಿದಿರೋನಿಗೆ ಯಾರು ಹೇಗೆ ದರ ಹೇಳ್ತಾರೆ? ನನಗೆ ಮೈ ಉರಿದುಹೋಯ್ತು. ಅಲ್ಲ, ಹೋಗಿದ್ದು ನನ್ನ ಬೆರಳು, ಕಷ್ಟ ಅವರಿಗಂತೆ! ಅದಕ್ಕೆ ನಾನೇ ಒಂದು ಲೆಕ್ಕ ಮಾಡ್ದೆ. ಎಡಗೈ ಐದು, ಬಲಗೈ ಮೂರು. ಎಂಟು. ದನಕ್ಕೆ ಎಂಟು ಹಲ್ಲು ಬಂದ್ರೆ ಬಾಯಿಗೂಡ್ತು ಅಂತೀವಲ್ಲ? ನನ್ನ ಎರಡು ಕೈ ಪೂರ್ತಿ ಹಿಡಿದ್ರೆ ಒಂದು ಬಾಯಿಗೂಡ್ತು. ಮಣಿಕಟ್ಟು ಮುಟ್ಟಿದ್ರೆ ಅಂಥ ಎಂಟು ಸಲ."

"ಮತ್ತೆ ಇದು?" ಬೆರಳಿಲ್ಲದ ಆ ನುಣುಪು ಜಾಗ ನನ್ನ ಹೆಬ್ಬೆರಳಿಗೆ ತಾಗಿತ್ತು.

"ಅದಾ? ಅದು ಒತ್ತಿದ್ರೆ ಏನೂ ಇಲ್ಲ ಅಂತ. ಸೊನ್ನೆ. ಎಲ್ಲರ ಕೈಲೂ ಇರೋದನ್ನ ಹೇಳೋಕೆ ಬೆರಳಿದೆ, ಇಲ್ಲದ್ದನ್ನ ಹೇಳೋಕೆ ಜಾಗ ಇರೋದು ನನ್ನೊಬ್ಬನ ಕೈಲಿ."

ಎರಡು ವರ್ಷ ಹಿಡಿಯಿತಂತೆ ಸಂತೆಗೆ ಅವರ ಕೈ ಕಲಿಯಲು. ಈಗ ಐದೂ ಬೆರಳಿರುವ ಪಡ್ಡೆ ದಲ್ಲಾಳಿಗಳೂ ಎರಡು ಬೆರಳು ಮಡಚಿಕೊಂಡು ಸೈದಾಲಿ ಲೆಕ್ಕದಲ್ಲೇ ದರ ಹೇಳುತ್ತಾರಂತೆ.

ನನಗೆ ಸಿಟ್ಟು ಬಂತು. ಏಳು ತಿಂಗಳು ನಾನು ಎಂಟು ಎಂಟು ಎಂದು ತಲೆ ಚಚ್ಚಿಕೊಂಡಿದ್ದೇನೆ, ಇವರು ಒಂದು ದಿನವೂ ಬಾಯಿ ಬಿಟ್ಟಿಲ್ಲ! ಕೇಳಿಯೇಬಿಟ್ಟೆ, ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು.

"ಕೈ ಹಿಡಿದ್ರೆ ತಾನೆ ಹೇಳೋದು? ಐದನೇ ಕ್ಲಾಸಿಂದ ನೀನು ಈ ಕೈ ಹಿಡಿದಿಲ್ಲ. ಬಸ್ ಸ್ಟ್ಯಾಂಡಲ್ಲಿ ಎಡಗಡೆಗೆ ಬಂದ್ಬಿಡ್ತಿದ್ದೆ."

ಇದು ಶುದ್ಧ ಅನ್ಯಾಯದ ಮಾತು. ಆಗ ನನ್ನ ಕೈಯಲ್ಲಿ ಪುಸ್ತಕದ ಚೀಲ ಇರುತ್ತಿತ್ತು.

ಜುಲೈ ೧೩

ಸಿಕ್ಕಿತು! ತೊರ್ವರಿಗೆ ಐದು ಬೆರಳಿರಲಿ, ಬೇಕಾದರೆ ಆರು ಇರಲಿ, ಎಂಟರ ಲೆಕ್ಕ ಅಲುಗುವುದಿಲ್ಲ. ಅವರ ಮೂಲಪುರುಷ ಲಂಗರಿನ ಹಗ್ಗಕ್ಕೆ ಎರಡು ಬೆರಳು ಕೊಟ್ಟ. ಅವನ ಕೈ ಮೇಲೆ ಇಡೀ ಜನ ಎಣಿಸಲು ಕಲಿತರು. ಎಂಟಕ್ಕೆ ಅವರ ಮಾತು 'ತುಂಬಿದ ಬಾಯಿ'. ಬೆರಳಿಲ್ಲದ ಜಾಗವೇ ಸೊನ್ನೆ, ಅದೇ ಅವರ ಪವಿತ್ರ ಗುರುತು. ದೋಣಿಯ ಮೂತಿಗೆ ಬರೆದುಕೊಳ್ಳುತ್ತಾರೆ.

ಉಪ್ಪಾನನ್ನು ಕೂರಿಸಿಕೊಂಡು ಇಡೀ ದಿನ ಕೈ ಹಿಡಿಸಿಕೊಂಡೆ. ಅರವತ್ತಮೂರಕ್ಕೆ ಹೇಗೆ, ಅರ್ಧಕ್ಕೆ ಹೇಗೆ, ಮಾತು ಮುರಿದರೆ ಹೇಗೆ. ಹಾಲಿಲ್ಲದ ಕಟ್ಟನ್ ಚಾಯ ಆರು ಸಲ ಆಯಿತು. "ನಿಂದು ಕೈ ಒಳ್ಳೇದು, ಬೇಗ ಕಲಿಯುತ್ತೆ, ಗಂಡಾಗಿದ್ರೆ ಸಂತೆಗೆ ಕರ್ಕೊಂಡು ಹೋಗ್ತಿದ್ದೆ" ಎಂದರು. ಹೆಣ್ಣಾದರೆ ಏನು ದನ ಹಾಯುತ್ತದೆಯೇ ಎಂದು ಅದಕ್ಕೂ ಜಗಳ ಆಡಿದೆ.

ಜುಲೈ ೧೬

ನಲವತ್ತು ಪುಟ ಬರೆದು ಕೊಟ್ಟೆ. ಪ್ರಸೂನ್ ಕುರ್ಚಿಯಿಂದ ಎದ್ದ. "ಇತ್ತಾ, ಇದು ಬೇರೇನೇ ಲೆವೆಲ್ಲು. ಎಲ್ಲಿ ಸಿಕ್ತು?"

ಹಳೆಯ ಸಂತೆಗಳ ರೂಢಿಯನ್ನು ಅಧ್ಯಯನ ಮಾಡಿದೆ ಎಂದೆ. ಮುನ್ನುಡಿಯಲ್ಲೂ ಹಾಗೇ ಬರೆದಿದ್ದೇನೆ.

ಮನೆಗೆ ಪರೋಟ, ಬೀಫ್ ಕಟ್ಟಿಸಿಕೊಂಡು ಬಂದೆ.

ಜುಲೈ ೧೯

ಕಳ್ಳರು! ಹಾಡಹಗಲೇ ಕಿಸೆಗೆ ಕೈ ಹಾಕುವ ಕಳ್ಳರು!

ದುಡ್ಡು ಹಾಕಿರುವವರಿಗೆ ಕಳಿಸುವ ವಿವರಪತ್ರ ಇವತ್ತು ಎಲ್ಲರ ಕೈಗೂ ಬಂತು. ತೊರ್ವ ಸಂಖ್ಯೆಗಳಿಗೇ ಎರಡು ಪುಟ, ಬಣ್ಣದ ಚಿತ್ರ. ಕೆಳಗೆ: 'ಪ್ರಸೂನ್ ನೇತೃತ್ವದ ಸೃಜನ ತಂಡದ ಕೊಡುಗೆ'. ನನ್ನ ಹೆಸರು ಕಾಲ ಕಸವಾಗಿಯೂ ಇಲ್ಲ. ಕೇಳಿದರೆ, "ಕರಾರಿನವರ ಹೆಸರು ಹಾಕೋದು ಕೊನೇಲಿ ನೋಡೋಣ ಇತ್ತಾ, ತಂಡ ಅಂದ್ರೆ ನೀವೂ ಬಂದ್ರಿ ತಾನೆ?" ಬರೆದವಳು ನಾನು, ಬೆವರು ನಂದು, ಬಿರಿಯಾನಿ ಮಾತ್ರ ತಂಡದ್ದು! ಮಾತು ಕೊಟ್ಟು ಮರೆಯುವವರ ನಾಲಿಗೆಗೆ ಉಪ್ಪಿನಕಾಯಿ ಮೆಣಸು ತಿಕ್ಕಬೇಕು. ಒಬ್ಬರ ಜೀವಮಾನದ ಬುದ್ಧಿಯನ್ನು ಎತ್ತಿಕೊಂಡು 'ತಂಡ' ಎಂದು ಒಂದು ಪದ ಮುಚ್ಚಿದರೆ ಆಯಿತೇ?

ಮನೆಗೆ ಬಂದು ಉಪ್ಪಾನಿಗೆ ಅದನ್ನು ಪೂರ್ತಿ ಮಲಯಾಳದಲ್ಲಿ ಓದಿ ಹೇಳಿದೆ. ನನ್ನ ನಲವತ್ತು ಪುಟವನ್ನೂ ಓದಿದೆ, ಕದ್ದದ್ದು ಎಷ್ಟು ಎಂದು ಗೊತ್ತಾಗಲಿ ಎಂದು. ಹಗ್ಗಕ್ಕೆ ಬೆರಳು ಕೊಟ್ಟ ಮೂಲಪುರುಷನ ಕಥೆಗೆ ಉಪ್ಪಾ ತಲೆದೂಗಿದರು. ಮುನ್ನುಡಿ ಎರಡು ಸಲ ಓದಿಸಿಕೊಂಡರು.

"ಹಳೇ ಸಂತೆಗಳ ರೂಢಿ," ಎಂದರು. "ಚೆನ್ನಾಗಿ ಬರ್ದಿದೀಯ."

"ಚೆನ್ನಾಗಿ ಬರ್ದು ಏನಾಯ್ತು? ಹೆಸರೇ ಇಲ್ಲ ಅಂದ್ರೆ ಹೊಟ್ಟೆ ಉರಿಯಲ್ವಾ ಉಪ್ಪಾ?"

"ಉರಿಯುತ್ತೆ ಮೋಳೇ. ಉರಿಯುತ್ತೆ."

ನನ್ನ ಪರವಾಗಿ ಇನ್ನೆರಡು ಮಾತು ಬೈಯಬಹುದಿತ್ತು. ಕಣ್ಣಿಗೆ ಹನಿ ಹಾಕಿಸಿಕೊಂಡು ಬೇಗ ಮಲಗಿದರು.

ಜುಲೈ ೨೦

ಏನೂ ಬರೆಯುವ ಮನಸ್ಸಿಲ್ಲ. ಮುನ್ನುಡಿ ತಿದ್ದಬೇಕೆನಿಸಿತು, ಕಡತ ತೆರೆದೆ. ಈಗಾಗಲೇ ಕಳಿಸಿಯಾಗಿದೆ.

ಜುಲೈ ೨೪, ಬುಧವಾರ

ಸಂತೆಯ ದೃಶ್ಯಕ್ಕೆ ಕೈಗಳ ಚಲನೆ ಹಿಡಿಯುತ್ತಿದ್ದಾರೆ. ತಂತಿ ಸಿಕ್ಕಿಸಿದ ಕೈಗವಸು ಹಾಕಿಕೊಂಡು ಮನುಷ್ಯ ಕೈ ಆಡಿಸಿದರೆ ತೆರೆಯ ಮೇಲೆ ತೊರ್ವ ಮುದುಕಿಯ ಕೈ ಆಡುತ್ತದೆ. ನಾಟಕದವನೊಬ್ಬನನ್ನು ಕರೆಸಿದ್ದರು. ಎರಡು ಬೆರಳು ಮಡಚಿಕೋ ಎಂದರೆ ಮಡಚುತ್ತಾನೆ. ಎದುರಿನವರು ಕೈ ಹಿಡಿದ ಕೂಡಲೇ ಆ ಎರಡೂ ಎದ್ದು ನಿಲ್ಲುತ್ತವೆ. ಮಧ್ಯಾಹ್ನದವರೆಗೆ ಇದೇ ಪ್ರಹಸನ. ಕೊನೆಗೆ ಪ್ರಸೂನ್, "ಬಿಡಿ, ಹೇಗೋ ಒಂದು ಮಾಡಿ, ಕಂಪ್ಯೂಟರಲ್ಲಿ ಬೆರಳು ಅಳಿಸಿಬಿಡೋಣ" ಎಂದ.

ನಿಜವಾದ ಕೈ ಹತ್ತು ನಿಮಿಷದ ದಾರಿಯಲ್ಲಿ ಕೂತು ಬೀಡಿ ಸೇದುತ್ತಿರುವಾಗ ಇವರು ಬೆರಳು ಅಳಿಸುತ್ತಾರಂತೆ! ಆಟೋ ಹಿಡಿದು ಹೋಗಿ ಕರೆದುಕೊಂಡು ಬಂದೆ.

"ಇವರು ಯಾರು?" ಎಂದ ಪ್ರಸೂನ್.

"ಈ ಲೆಕ್ಕ ಇವರದು. ನಮ್ಮ ಉಪ್ಪಾ. ದನದ ದಲ್ಲಾಳಿ," ಎಂದೆ.

ಕೈಗವಸಿನ ಎರಡು ಖಾಲಿ ಬೆರಳಿಗೆ ಗಂಟು ಹಾಕಿದರು. ಉಪ್ಪಾ ಪ್ರಸೂನನಿಗೆ ಕಾಲು ಗಂಟೆ ಎಣಿಕೆ ಕಲಿಸಿದರು. ಆಮೇಲೆ ಟವೆಲ್ ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

"ಶುರು ಮಾಡಿ ಉಪ್ಪಾ. ಸುಮ್ನೆ ಕೈ ಆಡಿಸಿದ್ರಾಯ್ತು," ಎಂದ ಪ್ರಸೂನ್.

"ಸರಕಿಲ್ಲದೆ ಟವೆಲ್ ಹಾಕಲ್ಲ ಮಗನೇ. ಸುಮ್ನೆ ಆಡಿಸಿದ ಕೈ ಸುಳ್ಳು ಹೇಳುತ್ತೆ."

"ಸರಿ, ಏನು ಸರಕು?"

"ನನ್ನ ಮಗಳ ಹೆಸರು. ನಿಮ್ಮ ಆಟದಲ್ಲಿ ಎಷ್ಟು ಕಡೆ ಹಾಕ್ತೀಯ?"

ಎಲ್ಲರೂ ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಉಪ್ಪಾ ನಗಲಿಲ್ಲ. ಟವೆಲ್ ಹೊದೆಸಿ ಪ್ರಸೂನನ ಕೈ ಹಿಡಿದರು. ತೆರೆಯ ಮೇಲೆ ಮುದುಕಿಯ ಎರಡೂ ಕೈ ಎದುರಿನ ಕೈಯನ್ನು ತಬ್ಬಿದವು: ಬಾಯಿಗೂಡಿತು, ಎಂಟು. ಪ್ರಸೂನನ ಹೆಬ್ಬೆರಳು ತಡವರಿಸಿ ಹೋಗಿ ಬೆರಳಿಲ್ಲದ ಜಾಗ ಒತ್ತಿತು. ಸೊನ್ನೆ! ಮುದುಕಿಯ ಕೈ ಹಿಂದೆ ಸರಿಯಲಿಲ್ಲ. ಆರು ಎಂದಿತು. ಅವನು ಒಂದು ಬೆರಳು ಹಿಡಿದ. ಉಪ್ಪಾ ಐದು. ಅವನು ಒಂದರಿಂದ ಅಲ್ಲಾಡಲಿಲ್ಲ. ಉಪ್ಪಾ ನಾಲ್ಕಕ್ಕೆ ಇಳಿದು, ಅವನ ಕೈಯನ್ನು ಹಾಗೇ ಬಿಗಿಯಾಗಿ ಹಿಡಿದು ಕೂತರು, ಎರಡು ನಿಮಿಷ. ಅವನ ನಗು ನಿಂತುಹೋಯಿತು, ಹಣೆಯಲ್ಲಿ ಬೆವರು. ಕೊನೆಗೆ ಮೂರು ಬೆರಳು ಹಿಡಿದ.

"ಇತ್ತಾ, ಇವರು ಮನುಷ್ಯರಲ್ಲ," ಎಂದ ಕೈ ಒದರುತ್ತ. "ಸರಿ, ಮೂರು ಕಡೆ. ಮೊದಲಲ್ಲಿ, ಕೊನೇಲಿ, ಜೊತೆಗೆ ಬರೋ ಪುಸ್ತಕದಲ್ಲಿ. ಮಾತು ಕೊಟ್ಟಾಯ್ತು."

ಆಟೋದಲ್ಲಿ ನಾನು ಬೈದೆ, ಆಫೀಸಿನಲ್ಲಿ ಮಾನ ಕಳೆದಿರಿ ಎಂದು. ಉಪ್ಪಾ ರಸ್ತೆ ಕಡೆ ತಿರುಗಿ ತಮ್ಮಷ್ಟಕ್ಕೆ ನಗುತ್ತಿದ್ದರು. ನಾಲ್ಕಕ್ಕೇ ನಿಲ್ಲಿಸಬಹುದಿತ್ತು, ಹುಡುಗ ಅಳೋ ಹಾಗಿದ್ದ ಎಂದರು.

ಜುಲೈ ೨೬

ಅಚ್ಚಿಗೆ ಹೋಗುವ ಪುಟಗಳು ಬಂದವು. ಮೂರು ಕಡೆ, ಮೂರೂ ಕಡೆ, 'ಸಂಖ್ಯೆಗಳು: ರೈಹಾನ ಸೈದಾಲಿ'. ಎಷ್ಟು ಸಲ ಓದಿದೆನೋ. ಪ್ರಿಂಟ್ ತೆಗೆದು ಚೀಲಕ್ಕೆ ಹಾಕಿಕೊಂಡೆ. ಊಟಕ್ಕೆ ಕೂತಾಗ ಮತ್ತೆ ತೆಗೆದು ನೋಡಿದೆ. ಊಟ ಅರ್ಧಕ್ಕೇ ಬಿಟ್ಟು ಎದ್ದೆ.

ಪ್ರಸೂನ್ ಹತ್ತಿರ ಹೋಗಿ, ಉಪ್ಪಾನ ಹೆಸರನ್ನೂ ಸೇರಿಸು ಎಂದೆ.

"ಒಂದು ಕೆಲಸಕ್ಕೆ ಒಂದು ಹೆಸರು ಇತ್ತಾ. ಕಂಪನಿ ನಿಯಮ. ಅದೂ ಹೊರಗಿನವರು. ಇವರದು ಹಾಕಿದ್ರೆ ನಾಳೆ ಚಾಯ ಕೊಡೋನೂ ಬಂದು ನನ್ನ ಹೆಸರು ಅಂತಾನೆ."

"ಚಾಯ ಕೊಡೋನು ನಿಂಗೆ ಸೊನ್ನೆ ಕಂಡುಹಿಡಿದು ಕೊಟ್ನಾ?"

"ಅವರೇ ತಾನೆ ನಿಮ್ಮ ಹೆಸರಿಗೆ ಚೌಕಾಸಿ ಮಾಡಿದ್ದು? ಅವರದ್ದು ಅವರು ಕೇಳಲೇ ಇಲ್ಲ."

ಕೇಳಲೇ ಇಲ್ಲವಂತೆ! ಕೇಳದವರ ಹೆಸರು ಬಿಟ್ಟುಬಿಡಬಹುದು, ಅಲ್ಲವೇ? ಬರೆಯುವ ಕೈಗೆ ನಾಚಿಕೆ ಬೇಡವೇ? ಯಾರ ಮೇಲೆ ಇಷ್ಟು ಸಿಟ್ಟು ಬಂದದ್ದೋ ನನಗೇ ಗೊತ್ತಿಲ್ಲ. ನನ್ನ ಜಾಗಕ್ಕೆ ಬಂದು ಟಪಟಪ ಬರೆದು ಕಳಿಸಿದೆ: ಒಂದೇ ಹೆಸರಾದರೆ ನನ್ನದು ತೆಗೆಯಿರಿ. ಸಂಖ್ಯೆಗಳು: ಸೈದಾಲಿ, ದನದ ದಲ್ಲಾಳಿ, ಒಟ್ಟಪಾಲಂ. ಮೂರೂ ಕಡೆ. ಮುನ್ನುಡಿಯನ್ನೂ ಬೇರೆ ಬರೆದು ಲಗತ್ತಿಸಿದ್ದೇನೆ, ಹಳೆಯದನ್ನು ಹರಿದುಹಾಕಿ.

ಸಂಜೆ ಉತ್ತರ ಬಂತು. 'ನಿಮಗೆ ತಲೆ ಕೆಟ್ಟಿದೆ ಇತ್ತಾ. ಆಯ್ತು.'

ಸೆಪ್ಟೆಂಬರಿಗೆ ಕರಾರು ಮುಗಿಯುತ್ತದೆ. ಟ್ಯುಟೋರಿಯಲ್ ಕಾಲೇಜಿನವರ ನಂಬರ್ ಫೋನಿನಲ್ಲಿ ಇನ್ನೂ ಇದೆ.

ಜುಲೈ ೨೭

ಬೆಳಿಗ್ಗೆ ಅಕ್ಕಿಯ ಪತ್ತಿರಿ ತಿನ್ನುವಾಗ ಉಪ್ಪಾನಿಗೆ ಹೇಳಿದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ. ತಟ್ಟೆ ದೂಡಿ ಎದ್ದುಬಿಟ್ಟರು.

"ಏನಂದೆ? ನಾನು ಎಂಟು ಅಂದೆ, ಅವನು ಸೊನ್ನೆ ಅಂದ, ನಾನು ಆರು ಅಂದೆ, ಐದು ಅಂದೆ, ಅಷ್ಟು ಸುತ್ತು ಹಿಡಿದು ಗಿಟ್ಟಿಸಿದ್ನಲ್ಲೇ! ಆ ಹುಡುಗನ ಕೈ ಹಿಂಡಿ ಹಿಂಡಿ ನನ್ನ ಭುಜ ಹಿಡ್ಕೊಂಡಿದೆ ಇನ್ನೂ! ಅದನ್ನ ಬಿಟ್ಟಿ ವಾಪಸ್ ಕೊಟ್ಯಾ?"

"ಬಿಟ್ಟಿ ಎಲ್ಲಿ ಕೊಟ್ಟೆ? ನಿಮಗೆ ಕೊಟ್ಟಿದ್ದು."

"ನನಗ್ಯಾಕೆ? ಸಂತೇಲಿ ಯಾವನಾದ್ರೂ ದಲ್ಲಾಳಿ ಹೆಸರು ಕೇಳ್ತಾನಾ? ಕೇಳೋದು ದನದ್ದು! ಕೆಲಸ ಬೇಕಾಗಿರೋದು ನಿಂಗೆ, ನಂಗಲ್ಲ. ಬುದ್ಧಿ ಬೇಡ್ವಾ? ಓದಿಸಿದ್ದು ದಂಡ. ವ್ಯಾಪಾರ ಗೊತ್ತಿಲ್ಲದ ಕತ್ತೆ!"

"ನೀವು ಮಾಡಿದ್ದು ಮಾತ್ರ ದೊಡ್ಡ ವ್ಯಾಪಾರ! ನಿಮ್ಮ ಸರಕು ಕೊಟ್ಟು ನನ್ನ ಹೆಸರು ತಗೊಂಡ್ರಿ!"

"ಹೌದು, ತಗೊಂಡೆ! ಅಪ್ಪ ಆದವನು ಇನ್ನೇನ್ ತಗೋತಾನೆ?"

ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ಕೂತರು. ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ನಾನೂ ಕರೆಯಲಿಲ್ಲ; ತಪ್ಪು ನನ್ನದಲ್ಲ. ಮೂರು ಗಂಟೆಗೆ ಕಣ್ಣಿಗೆ ಹನಿ ಹಾಕಲೇಬೇಕಲ್ಲ, ಹೋದೆ. ತಲೆ ಮೇಲೆತ್ತಿ ಕೂತರು. ಎರಡು ಹನಿ ಬಿಟ್ಟೆ. ಕೆನ್ನೆ ಮೇಲೆ ಇಳಿದದ್ದನ್ನು ಟವೆಲಿನಲ್ಲಿ ಒರೆಸಿಕೊಂಡರು. ಹನಿ ಎರಡಕ್ಕಿಂತ ಜಾಸ್ತಿ ಬಿದ್ದಿರಬೇಕು.

"ಹೇಗೆ ಬರ್ದಿದಾರೆ?" ಎಂದರು ಗೋಡೆ ನೋಡಿಕೊಂಡು. "ಬರೀ ಸೈದಾಲಿ ಅಂತಾನಾ?"

"ಸೈದಾಲಿ, ದನದ ದಲ್ಲಾಳಿ, ಒಟ್ಟಪಾಲಂ."

"ವಿ.ಕೆ. ಹಾಕಿಲ್ವಾ?"

"ಇಲ್ಲ."

"ಏನ್ ಕೆಲಸ ಅಂತ ಮಾಡ್ತೀರೋ ನೀವು!" ದನಿ ಮತ್ತೆ ಏರಿತು. "ಸಂತೇಲಿ ಇನ್ನೊಬ್ಬ ಸೈದಾಲಿ ಇದಾನೆ, ಮೂಗುದಾರ ಮಾರೋನು, ಆಗಾಗ ದಲ್ಲಾಳಿ ಕೆಲಸಾನೂ ಮಾಡ್ತಾನೆ. ಅವನು ಊರೆಲ್ಲಾ ಅದು ನಾನೇ ಅಂತ ಹೇಳ್ಕೊಂಡು ತಿರುಗ್ತಾನೆ. ಬರಿ ಈಗ್ಲೇ, ವಿ.ಕೆ. ಹಾಕ್ಬೇಕು ಅಂತ. ಮೂರೂ ಕಡೆ!"